ಹತ್ತು ದಿನದ ಪರೋಪಕಾರ

ಪರೋಪಕಾರವು ಪುಣ್ಯಕರವೆಂಬದನ್ನು ಅಲ್ಲಗಳೆಯುವ ಮತವು ಲೋಕದಲ್ಲಿ ಒಂದೂ ಇಲ್ಲ. ಆದರೆ ಪರೋಪಕಾರವೆಂದು ಹೆಸರಿಟ್ಟ ಮಾತ್ರಕ್ಕೆ ಪ್ರತಿಯೊಂದು ಕಾರ್ಯವೂ ಪರರಿಗೆ ಉಪಕಾರಕವಾಗುವದೆಂದು ನಂಬುವದು ವಿಚಾರವಂತರಿಗೆ ಒಪ್ಪುವ ಮಾತಲ್ಲ. ಈಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ, ವಿಶೇಷವಾಗಿ ಅಮೆರಿಕದ, ಕ್ರೈಸ್ತ ಸಭೆಗಳಲ್ಲಿ ಒಂದು ಪದ್ಧತಿಯು ಬೆಳೆದು ನಿಂತಿದೆ. ಸಭೆಯ ಹತ್ತಿಪ್ಪತ್ತು ಜನರು, ಬಹುಮಟ್ಟಿಗೆ ತರುಣರು, ತಂಡ ಕಟ್ಟಿಕೊಂಡು, ಬಂಧುಮಿತ್ರರಿಂದ ವಂತಿಗೆಯೆತ್ತಿ, ವಿಮಾನವೇರಿ ಯಾವುದೊಂದು ಬಡ ದೇಶಕ್ಕೆ ಹೋಗುವರು. ಅಲ್ಲಿ ಒಂದೆರಡು ವಾರ ನಿಂತು ಶಾಲೆಯ ಗೋಡೆಗೆ ಬಣ್ಣ ಬಳಿಯುವರು, ಮಕ್ಕಳಿಗೆ ಹಾಡು ಕಲಿಸುವರು, ಮನೆ ಕಟ್ಟುವರು, ಸುವಾರ್ತೆ ಸಾರುವರು. ಬಳಿಕ ಚಿತ್ರಗಳನ್ನು ತೆಗೆದುಕೊಂಡು ತಮ್ಮ ಊರಿಗೆ ತಿರುಗಿ ಹೋಗುವರು. ಇದಕ್ಕೆ ಅಲ್ಪಾವಧಿಯ ಮಿಷನ್ ಯಾತ್ರೆಯೆಂದು ಹೆಸರು. ಅಮೆರಿಕದಿಂದಲೇ ವರ್ಷಕ್ಕೆ ಸುಮಾರು ೧೬ ಲಕ್ಷ ಜನರು ಹೀಗೆ ಪರದೇಶಕ್ಕೆ ಹೋಗುವರೆಂದು ಅಲ್ಲಿಯ ಸಮಾಜಶಾಸ್ತ್ರಜ್ಞರಾದ ರಾಬರ್ಟ್ ವುತ್ನೋ ಅವರು ಈ ಶತಮಾನದ ಮೊದಲ ದಶಕದಲ್ಲಿ ಅಂದಾಜು ಮಾಡಿದರು.

ಇದಕ್ಕೂ ಕನ್ನಡಿಗರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ದೂರದ ಸಭೆಯಿಂದ ಬಂದವರ ಸೇವೆಯನ್ನು ಅಳೆಯುವದಕ್ಕೆ ಬೇಕಾದ ಅಳತೆಗೋಲು ಕನ್ನಡ ನಾಡಿನಲ್ಲಿಯೇ ಇದೆ; ಅದನ್ನು ಹಿಡಿದು ನೋಡಿದರೆ ಈ ಹೊಸ ಪದ್ಧತಿಯ ಗಿಡ್ಡತನವು ತಾನೇ ಕಾಣುವದು.

ಸ್ವಿಟ್ಜರ್ಲೆಂಡದ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆಯವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಬೆಟಗೇರಿಯಲ್ಲಿ, ೧೮೫೧ರಲ್ಲಿ ಗುಳೇದಗುಡ್ಡದಲ್ಲಿ ಅವರ ಠಾಣೆಗಳು ನೆಲೆಗೊಂಡವು. ಹರ್ಮನ್ ಮೋಗ್ಲಿಂಗರು ೧೮೩೬ರಲ್ಲಿ ಬಂದು ೧೮೬೦ರ ವರೆಗೆ ಈ ನಾಡಿನಲ್ಲಿ ದುಡಿದರು. ೧೮೪೩ರ ಜುಲೈ ೧ಕ್ಕೆ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು ಅವರೇ, ಹರಿದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರೂ ಅವರೇ. ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ೨೧ ವರ್ಷದ ತರುಣರಾಗಿ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದುದು ೧೮೯೪ರಲ್ಲಿ. ನಡುವೆ ೪೧ ವರ್ಷಗಳು ಕಳೆದವು! ಆ ಅವಧಿಯಲ್ಲಿ ನಾಗವರ್ಮನ ‘ಛಂದೋಂಬುಧಿ’ಯೂ ಕೇಶಿರಾಜನ ‘ಶಬ್ದಮಣಿದರ್ಪಣ’ವೂ ಅವರ ಕೈಯಿಂದ ಪರಿಷ್ಕೃತವಾಗಿ ಹೊರಬಂದವು. ಸುಮಾರು ೭೦,೦೦೦ ಶಬ್ದಗಳ ಆ ನಿಘಂಟನ್ನು ತೆರೆಯದೆ ಕನ್ನಡದ ಹಳೆಯ ಕಾವ್ಯವನ್ನು ಓದುವ ವಿದ್ಯಾರ್ಥಿಯು ಇಂದಿಗೂ ಅಪರೂಪ.

ಈ ಮಹನೀಯರು ದೋಷವಿಲ್ಲದವರೆಂದು ಇಲ್ಲಿಯ ಅಭಿಪ್ರಾಯವಲ್ಲ. ಅವರು ಬಂದುದು ಮತಾಂತರದ ಉದ್ದೇಶದಿಂದ; ಪರರಾಜ್ಯದ ನೆರಳಿನಲ್ಲಿ. ಈ ನಾಡಿನ ದೇವರುಗಳನ್ನೂ ಆಚಾರಗಳನ್ನೂ ಅವರಲ್ಲಿ ಹಲವರು ಕಟುವಾಗಿ ನಿಂದಿಸಿದರು. ಅದನ್ನು ಮರೆಯಬೇಕಾದ ಕಾರಣವಿಲ್ಲ. ಆದರೆ ಗಮನಿಸಬೇಕಾದ ಮಾತೊಂದಿದೆ: ಅವರು ಬಂದು ನಿಂತರು; ನಿಂತುದರಿಂದ ಕಲಿತರು; ಕಲಿತುದರಿಂದ ಬದಲಾದರು. ಕಲಿಸಬಂದ ಕಿಟ್ಟೆಲರು ಕನ್ನಡ ಪಂಡಿತರ ಮುಂದೆ ಶಿಷ್ಯರಾಗಿ ಕುಳಿತರು. ಇಷ್ಟೊಂದು ಕಾಲವನ್ನು ಭಾಷೆಗೆ ಕೊಡುವದು ಮಿಷನ್ ಕಾರ್ಯಕ್ಕೆ ತಕ್ಕುದೇ ಎಂದು ಅವರ ಸ್ವಂತ ಸಂಸ್ಥೆಯವರೇ ಗೊಣಗಿಕೊಂಡರು. ಆ ಗೊಣಗಾಟವು ಇಂದು ಯಾರಿಗೂ ನೆನಪಿಲ್ಲ, ನಿಘಂಟು ಉಳಿದಿದೆ.

ಮತಪ್ರಚಾರಕರಲ್ಲದವರಲ್ಲಿಯೂ ಇದೇ ನ್ಯಾಯವು ಕಾಣುವದು. ೧೮೫೭ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ಕುಂಪಣಿ ಸರಕಾರದ ಮೇಲೆ ತಿರುಗಿ ಬಿದ್ದರು. ಆ ದಂಗೆಯನ್ನು ಹಾಡಿದ ಲಾವಣಿಯನ್ನು ಬರೆದಿಟ್ಟು ಅಚ್ಚು ಮಾಡಿಸಿದವನು ಅದೇ ಆಂಗ್ಲ ಸರಕಾರದ ಅಧಿಕಾರಿಯಾದ ಜೆ. ಎಫ್. ಫ್ಲೀಟನು. ಕನ್ನಡವನ್ನು ಕಲಿತು ಕಿವಿಗೊಟ್ಟುದರಿಂದ ತನ್ನ ಸರಕಾರಕ್ಕೆ ಎದುರಾಗಿ ನಿಂತವರ ಹಾಡೂ ಅವನಿಗೆ ಕೇಳಿಸಿತು. ಕಿವಿಗೊಡುವ ವೇಳೆಯಿಲ್ಲದ ಮಿತ್ರನಿಗಿಂತ ಕಿವಿಗೊಟ್ಟ ಪರಕೀಯನಿಂದ ನಾಡಿಗೆ ಹೆಚ್ಚು ಉಳಿಯಿತೆಂಬದು ವಿಚಾರಾರ್ಹವಾದ ಸಂಗತಿಯಲ್ಲವೇ?

ಇನ್ನು ಹತ್ತು ದಿನದ ಸೇವಕರತ್ತ ತಿರುಗಿ ನೋಡುವದು ಯೋಗ್ಯ. ಮುಧೋಳ ಸೀಮೆಯ ತಿಮ್ಮಾಪುರಕ್ಕೆ ಇಂಥದೊಂದು ತಂಡವು ಬಂದಿತೆಂದು ವಾಚಕರು ಎಣಿಸಿ ನೋಡಲಿ. ಬಂದವರಿಗೆ ಕನ್ನಡವು ಬಾರದು. ದುಭಾಷಿಯು ಹೇಳಿದ್ದೇ ಊರು, ತೋರಿಸಿದ್ದೇ ಬಡತನ. ಕಬ್ಬಿನ ಬೆಲೆಯನ್ನು ಕಟ್ಟುವವರು ಯಾರು, ಬಾಕಿಯು ಕೈಗೆ ಬರುವದು ಎಂದು, ಸಾಲವು ಯಾರಲ್ಲಿ ಎಷ್ಟು, ಕಾಲುವೆಯ ನೀರು ಯಾರ ಹೊಲದ ವರೆಗೆ ಹರಿದು ನಿಲ್ಲುವದು, ಯಾವ ಓಣಿಯವರನ್ನು ಯಾವ ಓಣಿಯವರು ಹೊರಗೆ ನಿಲ್ಲಿಸುವರು, ಇವನ್ನು ಅರಿಯದೆ ಒಂದು ಊರಿನ ದುಃಖವು ಅರಿವಾಗದು. ಹತ್ತು ದಿನದಲ್ಲಿ ಇವುಗಳಲ್ಲಿ ಒಂದಾದರೂ ತಿಳಿದೀತೇ? ತಿಳಿಯದವರು ಕೈಗೆ ಸಿಕ್ಕ ಕೆಲಸವನ್ನು ಹಿಡಿಯುವರು. ಗೋಡೆಯು ಎದುರಿಗಿದೆ, ಬಣ್ಣ ಬಳಿಯುವರು. ಊರ ಗೌಂಡಿಯು ಒಂದು ದಿನದಲ್ಲಿ ಏರಿಸುವ ಗೋಡೆಯನ್ನು, ಕರಣೆ ಹಿಡಿದು ಅರಿಯದ ಹತ್ತು ಜನರು ನಾಲ್ಕು ದಿನ ಕಟ್ಟುವರು; ಆ ನಾಲ್ಕು ದಿನ ಗೌಂಡಿಯು ಕೂಲಿಯಿಲ್ಲದೆ ಕಟ್ಟೆಯ ಮೇಲೆ ಕುಳಿತು ನೋಡುವನು.

ರಬಕವಿ-ಬನಹಟ್ಟಿಯ ನೇಕಾರನು ತನ್ನ ಮಗ್ಗದ ಮೇಲೆ ಹತ್ತು ದಿನದ ಅತಿಥಿಯನ್ನು ಕೂಡ್ರಿಸಲಾರನು. ಎಳೆಗಳು ಹರಿದು ಹೋಗುವವೆಂಬದು ಅವನಿಗೆ ಗೊತ್ತು. ನೂಲಿಗಿರುವ ಈ ಮರ್ಯಾದೆಯು ಒಂದು ಊರಿಗೆ, ಆ ಊರಿನ ಮಕ್ಕಳಿಗೆ ಇರಬೇಡವೇ?

ಇದು ಬರಿಯ ತರ್ಕದ ಮಾತಲ್ಲ. ೧೯೯೮ರಲ್ಲಿ ಮಿಚ್ ಎಂಬ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಗೆಡವಿದಾಗ ಉತ್ತರ ಅಮೆರಿಕದ ಸಭೆಗಳಿಂದ ಅನೇಕ ತಂಡಗಳು ಹೋಗಿ ಅಲ್ಲಿ ಮನೆಗಳನ್ನು ಕಟ್ಟಿದವು. ಕರ್ಟ್ ವೆರ್ ಬೀಕ್ ಎಂಬ ವಿದ್ವಾಂಸರು, ತಾವೂ ಕ್ರೈಸ್ತ ವಿದ್ಯಾಲಯವೊಂದರ ಅಧ್ಯಾಪಕರೇ, ಈ ಸೇವೆಯ ಫಲವನ್ನು ಶೋಧಿಸಿ ೨೦೦೬ರಲ್ಲಿ ಪ್ರಕಟಿಸಿದರು. ಅಲ್ಲಿಯ ಸಂಸ್ಥೆಯವರು ಸುಮಾರು ೨,೦೦೦ ಡಾಲರಿನಲ್ಲಿ ಕಟ್ಟುವ ಮನೆಗಾಗಿ, ಒಂದು ತಂಡವು ಪ್ರಯಾಣ ಮೊದಲಾದುವುಗಳಿಗೆ ಸುಮಾರು ೩೦,೦೦೦ ಡಾಲರು ವೆಚ್ಚ ಮಾಡಿತ್ತು. ಹದಿನೈದು ಸಂಸಾರಗಳಿಗೆ ನೆರಳಾಗಬಹುದಾದ ಹಣವು ಒಂದು ಸಂಸಾರಕ್ಕೆ ನೆರಳಾಯಿತು. ಪರದೇಶದವರು ಕಟ್ಟಿದ ಮನೆಯಲ್ಲಿದ್ದವರ ಬಾಳಿಗೂ ಸ್ಥಳೀಯರು ಕಟ್ಟಿದ ಮನೆಯಲ್ಲಿದ್ದವರ ಬಾಳಿಗೂ ಹೇಳತಕ್ಕ ಭೇದವು ಕಾಣಲಿಲ್ಲ.

ಹಣವು ಹೋದರೆ ಹೋಗಲಿ. ಅದಕ್ಕಿಂತ ದೊಡ್ಡ ಅಪಾಯವಿದೆ. ೨೦೧೦ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾಯಿತು. ಎರಡೇ ವಾರದಲ್ಲಿ ಅಮೆರಿಕದ ಐಡಾಹೋ ಮೊದಲಾದ ಕಡೆಯ ಸಭೆಗಳ ಹತ್ತು ಜನರ ತಂಡವೊಂದು ಅಲ್ಲಿಗೆ ಧಾವಿಸಿ, ಅನಾಥರೆಂದು ೩೩ ಮಕ್ಕಳನ್ನು ಕೂಡಿಸಿಕೊಂಡು, ತಕ್ಕ ಕಾಗದಪತ್ರಗಳಿಲ್ಲದೆ ನೆರೆಯ ಡೊಮಿನಿಕನ್ ದೇಶಕ್ಕೆ ಸಾಗಿಸಹೊರಟಿತು. ಗಡಿಯಲ್ಲಿ ಅವರು ಸೆರೆಯಾದರು. ವಿಚಾರಿಸಲಾಗಿ, ಆ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂದು ತಿಳಿದುಬಂದಿತು. ಆ ತಂಡದವರ ಹೃದಯದಲ್ಲಿ ಕರುಣೆಯಿರಲಿಲ್ಲವೆಂದು ಯಾರೂ ಹೇಳರು. ಆದರೆ ಅವಸರದ ಕರುಣೆಯು ತಾಯಿಯುಳ್ಳ ಕೂಸನ್ನು ತಬ್ಬಲಿಯೆಂದು ಎತ್ತಿಕೊಂಡು ಹೋಗಬಲ್ಲದು! ಆ ಮಕ್ಕಳ ಭಾಷೆಯನ್ನು ಅರಿತು, ಅವರ ಓಣಿಯಲ್ಲಿ ಒಂದು ವರ್ಷ ಬಾಳಿದವನಿಗೆ ಈ ಭ್ರಾಂತಿಯು ಆಗುತ್ತಿತ್ತೇ?

ಈ ಪದ್ಧತಿಯ ಪಕ್ಷಪಾತಿಗಳು ಮೂರು ಸಮಾಧಾನಗಳನ್ನು ಹೇಳುವದುಂಟು. ಒಂದನೆಯದು, ಪ್ರೇಮಕ್ಕೆ ಭಾಷೆಯು ಬೇಕಿಲ್ಲವೆಂಬದು. ಕೂಸಿನ ಕೆನ್ನೆ ಸವರುವದಕ್ಕೆ ಬೇಕಿಲ್ಲ, ನಿಜ; ಆದರೆ ಕೂಸಿಗೆ ಏನು ನೋವೆಂದು ಅದರ ತಾಯಿಯನ್ನು ಕೇಳುವದಕ್ಕೆ ಬೇಕು. ಭಾಷೆಯನ್ನು ಕಲಿಯುವ ಶ್ರಮವೇ ಪ್ರೇಮದ ಮೊದಲನೆಯ ಪರೀಕ್ಷೆ. ಆ ಪರೀಕ್ಷೆಗೆ ಕೂಡ್ರದೆ ಪಾಸಾದೆನೆಂದು ಹೇಳಿಕೊಳ್ಳುವದು ಯಾವ ಶಾಲೆಯ ರೀತಿ?

ಎರಡನೆಯದು, ಹೋದ ಊರಿಗೆ ಲಾಭವಾಗದಿದ್ದರೂ ಹೋದವರ ಹೃದಯವು ಬದಲಾಗುವದು, ಅವರು ಮುಂದೆ ಹೆಚ್ಚು ದಾನಿಗಳೂ ಸೇವಾಸಕ್ತರೂ ಆಗುವರೆಂಬದು. ಹೊಂಡುರಾಸಿನಿಂದ ತಿರುಗಿ ಬಂದವರ ನಡತೆಯನ್ನು ವೆರ್ ಬೀಕರು ಪರೀಕ್ಷಿಸಲಾಗಿ, ಬಹುಜನರಲ್ಲಿ ನಿಲುಗಡೆಯ ಮಾರ್ಪಾಟು ಸ್ವಲ್ಪವೇ ಎಂದು ಕಂಡುಬಂದಿತು. ಅದು ಹಾಗಿರಲಿ, ಸಿರಿವಂತನ ಹೃದಯವನ್ನು ತಿದ್ದುವ ಪಾಠದ ಹಲಗೆಯಾಗುವದಕ್ಕೆ ಬಡವನ ಅಂಗಳವೇ ಬೇಕೇ? ಸ್ವಂತ ಆತ್ಮೋನ್ನತಿಗಾಗಿ ಮಾಡುವ ಯಾತ್ರೆಗೆ ಕನ್ನಡದಲ್ಲಿ ತೀರ್ಥಯಾತ್ರೆಯೆಂಬ ಒಳ್ಳೆಯ ಹೆಸರಿದೆ. ಅದನ್ನು ಸೇವೆಯೆಂದು ಕರೆದು ಅದರ ಋಣವನ್ನು ಇನ್ನೊಬ್ಬರ ತಲೆಗೆ ಕಟ್ಟುವದು ನ್ಯಾಯವಲ್ಲ.

ಮೂರನೆಯದು, ಹೋದಲ್ಲೆಲ್ಲ ಊರವರು ಆನಂದದಿಂದ ಎದುರುಗೊಂಡರು, ಕಣ್ಣೀರಿನಿಂದ ಬೀಳ್ಕೊಟ್ಟರೆಂಬದು. ಇದು ಎಲ್ಲಕ್ಕೂ ದುರ್ಬಲವಾದ ಪ್ರಮಾಣ. ಬಾಗಲಕೋಟೆ ಸೀಮೆಯ ಯಾವ ಹಳ್ಳಿಗೆ ಯಾರು ಹೋದರೂ ಮನೆಯಲ್ಲಿಲ್ಲದಿದ್ದರೆ ಕಡ ತಂದಾದರೂ ರೊಟ್ಟಿ ಬಡಿದು ಉಣಿಸುವರು. ಬಂದುದು ಬೇಡವಾಗಿತ್ತೆಂದು ಅತಿಥಿಯ ಮುಖಕ್ಕೆ ಹೇಳುವ ವಾಡಿಕೆಯು ಈ ಕಡೆಗೆ ಇಲ್ಲ. ಅತಿಥಿಯಾಗಿ ಬಂದವನು ಸತ್ಯವನ್ನು ಕೇಳಲಾರನು. ನೆರೆಯವನಾಗಿ ಉಳಿದವನು ಮಾತ್ರ ಕೇಳುವನು. ಊರವರ ಉಪಚಾರವನ್ನು ತನ್ನ ಸೇವೆಯ ಯಶಸ್ಸಿನ ಸಾಕ್ಷಿಯೆಂದು ಬರೆದುಕೊಂಡು ಹೋಗುವವನು ಉಂಡ ರೊಟ್ಟಿಯ ಬೆಲೆಯನ್ನೂ ಅರಿತವನಲ್ಲ.

ಈ ಟೀಕೆಯು ಕ್ರೈಸ್ತಧರ್ಮದ ಮೇಲಿನ ದ್ವೇಷದಿಂದ ಹುಟ್ಟಿದುದೆಂದು ಯಾರೂ ಭಾವಿಸಬಾರದು. ಇದರ ಕಟುವಾದ ವಿಮರ್ಶೆಯು ಚರ್ಚಿನ ಒಳಗಿನಿಂದಲೇ ಹುಟ್ಟಿದೆ. ೧೯೬೮ರಲ್ಲಿ ಕ್ಯಾಥೋಲಿಕ ಪಾದ್ರಿಯಾದ ಇವಾನ್ ಇಲಿಚ್ ಅವರು ಮೆಕ್ಸಿಕೋದ ಸೇವೆಗೆಂದು ಹೊರಟ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಂತು, ನೋಡಲಿಕ್ಕೆ ಬನ್ನಿರಿ, ಕಲಿಯಲಿಕ್ಕೆ ಬನ್ನಿರಿ, ಉದ್ಧರಿಸಲಿಕ್ಕೆ ಮಾತ್ರ ಬರಬೇಡಿರೆಂಬ ಅರ್ಥದ ಮಾತನ್ನು ನಿರ್ದಾಕ್ಷಿಣ್ಯವಾಗಿ ಹೇಳಿದರು. ಕರೆಯಿಸಿಕೊಂಡು ಬಂದ ಕಣ್ಣಿನ ವೈದ್ಯನು ಸ್ಥಳೀಯ ಆಸ್ಪತ್ರೆಯವರ ಹೇಳಿಕೆಯಂತೆ ಹತ್ತೇ ದಿನ ಶಸ್ತ್ರಕ್ರಿಯೆ ಮಾಡಿ ಹೋದರೆ ಅದು ನಿಜವಾದ ಉಪಕಾರವೇ, ಯಾಕಂದರೆ ಅವನು ತರುವದು ವರ್ಷಾನುಗಟ್ಟಲೆ ಕಲಿತ ವಿದ್ಯೆಯನ್ನು, ಬರಿಯ ಉತ್ಸಾಹವನ್ನಲ್ಲ.

ಉಳಿಯುವದು ಯಾವದು, ಅಳಿಯುವದು ಯಾವದು ಎಂಬದಕ್ಕೆ ಕಾಲವೇ ಒಮ್ಮೆ ಪರೀಕ್ಷೆಯನ್ನು ನಡಿಸಿತು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಗಲು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಆಂಗ್ಲ ಸರಕಾರವು ಸೆರೆಯಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳಿಸಿತು. ಅವರ ಹೆಂಚಿನ ಮತ್ತು ನೇಯ್ಗೆಯ ಕಾರಖಾನೆಗಳು ಅನ್ಯರ ಕೈಗೆ ಹೋದವು. ಆದರೂ ಅವರ ಶಾಲೆಗಳು ಕನ್ನಡ ಮಾಸ್ತರರ ಕೈಯಲ್ಲಿ ಉಳಿದವು. ಸಭೆಗಳು ಕನ್ನಡ ಮಾತಾಡುವ ಉಪದೇಶಕರ ಕೈಯಲ್ಲಿ ಉಳಿದವು. ಕಟ್ಟಿದವರು ಹೋದ ಮೇಲೆಯೂ ಕೆಲಸವು ನಿಲ್ಲದಿದ್ದರೆ ಅದಕ್ಕೆ ಸೇವೆಯೆಂದು ಹೆಸರು. ಹತ್ತು ದಿನದ ತಂಡವು ಹೋದ ಹನ್ನೊಂದನೆಯ ದಿನ ಏನು ಉಳಿಯುವದು? ಗೋಡೆಯ ಬಣ್ಣವು, ಅದೂ ಮೊದಲನೆಯ ಮಳೆಗಾಲದ ವರೆಗೆ.

ಇಷ್ಟಕ್ಕೂ ಪರದೇಶದವರನ್ನಷ್ಟೇ ದೂರಿ ಕುಳಿತರೆ ಕನ್ನಡಿಗರ ವಿಚಾರವು ಅರೆಯಾದೀತು. ಪಟ್ಟಣದ ಕಂಪನಿಗಳೂ ಸಂಘಗಳೂ ಬಸ್ಸು ಮಾಡಿಕೊಂಡು ಹಳ್ಳಿಗೆ ಹೋಗಿ, ಒಂದು ದಿನ ಕಸಬರಿಗೆ ಹಿಡಿದು, ಚಿತ್ರ ತೆಗೆಯಿಸಿಕೊಂಡು ಸಂಜೆಗೆ ತಿರುಗುವದು ಯಾತರ ಸೇವೆ? ೧೯೬೯ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳಲ್ಲಿ ಎಷ್ಟು ಕಾಲೇಜುಗಳವರು ಎಂಟನೆಯ ದಿನದ ವಿಚಾರವನ್ನು ಮಾಡುವರು? ೨೦೦೯ರ ಮಹಾಪೂರದ ತರುವಾಯ ಉತ್ತರ ಕರ್ನಾಟಕದಲ್ಲಿ ದಾನಿಗಳ ನೆರವಿನಿಂದ ‘ಆಸರೆ’ಯ ಮನೆಗಳು ಎದ್ದವು. ದಾನಿಗಳ ಔದಾರ್ಯಕ್ಕೆ ಕೊರತೆಯಿರಲಿಲ್ಲ. ಆದರೂ ದನ ಕಟ್ಟಲಿಕ್ಕೆ ಎಡೆಯಿಲ್ಲದೆ, ಹೊಲಕ್ಕೆ ದೂರವಾಗಿ, ಅವುಗಳಲ್ಲಿ ಹಲವು ಮನೆಗಳು ಬಹುಕಾಲ ಜನರಿಲ್ಲದೆ ನಿಂತವು. ರೈತನಿಗೆ ದನವು ಮನೆಯ ಒಳಗಿನದೇ ಹೊರತು ಹೊರಗಿನದಲ್ಲವೆಂದು ನಕ್ಷೆ ಬರೆದವರಿಗೆ ಹೇಳುವವರು ಯಾರು? ಕೇಳುವ ವ್ಯವಧಾನವಿದ್ದವರು ಯಾರು? ಹೀಗೆ ಈ ರೋಗವು ಒಂದು ಮತದ್ದಲ್ಲ, ಒಂದು ದೇಶದ್ದಲ್ಲ; ಕೊಡುವವನ ಆತುರದ್ದು.

ಆದುದರಿಂದ ಸೇವೆಗೆಂದು ಬರುವವರು ಯಾರೇ ಇರಲಿ, ಅಮೆರಿಕದವರಿರಲಿ, ಬೆಂಗಳೂರಿನವರಿರಲಿ, ಊರವರು ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ನಿಮ್ಮನ್ನು ಕರೆದವರು ಯಾರು? ಊರ ಮಾತು ನಿಮಗೆ ಬರುವದೇ? ನೀವು ಮಾಡುವ ಕೆಲಸವನ್ನು ಕೂಲಿಗೆ ಮಾಡುವವರು ಇಲ್ಲಿ ಇಲ್ಲವೇ? ನೀವು ಹೋದ ಮೇಲೆ ಇದನ್ನು ನಡಿಸುವವರು ಯಾರು? ಈ ನಾಲ್ಕಕ್ಕೆ ಸಮರ್ಪಕವಾದ ಉತ್ತರವಿದ್ದರೆ ಬಂದವರನ್ನು ಆದರದಿಂದ ಬರಮಾಡಿಕೊಳ್ಳಲಿ. ಉತ್ತರವಿಲ್ಲದಿದ್ದರೆ ರೊಟ್ಟಿ, ಹಿಂಡಿ, ಮೊಸರು ಉಣಿಸಿ, ಕೂಡಲ ಸಂಗಮವನ್ನೂ ಬಾದಾಮಿಯ ಮೇಣಬಸದಿಗಳನ್ನೂ ತೋರಿಸಿ, ಅತಿಥಿಗಳೆಂದೇ ಗೌರವದಿಂದ ಕಳುಹಿ ಕೊಡಲಿ. ನೋಡಬಂದವರು ನೋಡಿ ಹೋದರೆ ಯಾರಿಗೂ ಕೇಡಿಲ್ಲ. ಸೇವೆಯ ಹೆಸರನ್ನು ಮಾತ್ರ ಉಳಿದು ದುಡಿದವರಿಗಾಗಿ ಕಾದಿಡಲಿ.