ಇನ್ನೂ ಬಾರದವರ ಲೆಕ್ಕ

ಇಂಗ್ಲೆಂಡಿನ ಯಾರ್ಕ್‌ಷೈರ್ ಗುಡ್ಡಗಳಲ್ಲಿ ವರ್ಷಕ್ಕೊಮ್ಮೆ, ವಸಂತದಲ್ಲಿ, ಫೆಲ್ಸ್‌ಮನ್ ಎಂಬ ನಡಿಗೆ ನಡೆಯುತ್ತದೆ. ಇಂಗಲ್‌ಟನ್ ಎಂಬ ಹಳ್ಳಿಯಿಂದ ಥ್ರೆಶ್‌ಫೀಲ್ಡ್ ಎಂಬ ಇನ್ನೊಂದು ಹಳ್ಳಿಗೆ ಸುಮಾರು 61 ಮೈಲಿ, ಅಂದರೆ ನೂರು ಕಿಲೋಮೀಟರಿಗೆ ತುಸು ಕಡಿಮೆ. ಹತ್ತಬೇಕಾದ ಏರುಗಳನ್ನೆಲ್ಲ ಕೂಡಿಸಿದರೆ 11,000 ಅಡಿ ದಾಟುತ್ತದೆ. ಬೆಳಗ್ಗೆ ಹೊರಟವರು ಹಗಲೆಲ್ಲ ತಮಗೆ ಬೇಕಾದ ವೇಗದಲ್ಲಿ, ಬೇಕಿದ್ದರೆ ಒಬ್ಬರೇ ಹೋಗಬಹುದು. ಸಂಜೆಗತ್ತಲಾದ ಮೇಲೆ ಮಾತ್ರ ಚೆಕ್‌ಪಾಯಿಂಟಿನಲ್ಲಿ ಕೂತ ಸ್ವಯಂಸೇವಕ ಕೈ ಅಡ್ಡ ಹಿಡಿಯುತ್ತಾನೆ. ಕನಿಷ್ಠ ನಾಲ್ಕು ಜನ ಸೇರುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಹಾಗೆ ಸೇರಿದವರು ಒಬ್ಬರಿಗೊಬ್ಬರು ಪರಿಚಯವಿರಬೇಕಿಲ್ಲ, ನಡಿಗೆಯ ವೇಗವೂ ಹೊಂದಬೇಕಿಲ್ಲ. ಗುಂಪನ್ನು ಬಿಡಿಸುವ ಅಧಿಕಾರ ಚೆಕ್‌ಪಾಯಿಂಟಿನವರದು. ಅವರು ಬಿಡಿಸುವ ತನಕ ಒಟ್ಟಿಗೇ ನಡೆಯಬೇಕು.

ವೇಗದ ನಡಿಗೆಯವರಿಗೆ ಇದು ಕಿರಿಕಿರಿ. ದಿನವಿಡೀ ಬೆವರು ಸುರಿಸಿ ಗಳಿಸಿದ ಅರ್ಧ ಗಂಟೆಯನ್ನು ನಾಲ್ಕನೆಯವನಿಗಾಗಿ ಚಳಿಯಲ್ಲಿ ಕಾಯುತ್ತ ಕಳೆಯಬೇಕಾಗುತ್ತದೆ. ಆದರೂ ಆ ಸ್ವಯಂಸೇವಕನೊಡನೆ ವಾದ ನಡೆಯುವುದಿಲ್ಲ. ಅವನು ಸಂಬಳದವನಲ್ಲ, ಸರ್ಕಾರದ ನೌಕರನೂ ಅಲ್ಲ. ಫೆಲ್ಸ್‌ಮನ್ ಶುರುವಾದದ್ದೇ 1962ರಲ್ಲಿ ಸ್ಕೌಟ್‌ಗಳ ಕೈಯಲ್ಲಿ. ಇವತ್ತಿಗೂ ಅದರ ಬೆನ್ನೆಲುಬು ಅಂಥ ಹವ್ಯಾಸಿಗಳೇ.

ಇಷ್ಟು ಬಿಗಿಯಾದ ನಿಯಮಗಳ ಹಿಂದೆ ಸಾವುಗಳಿವೆ. ಅದೇ ಕಾಲದಲ್ಲಿ ಸ್ವಲ್ಪ ದಕ್ಷಿಣಕ್ಕೆ, ಪೀಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟನಾಡಿನಲ್ಲಿ, ಸ್ಕೌಟ್‌ಗಳದೇ ಇನ್ನೊಂದು ನಡಿಗೆ ಇತ್ತು: ಫೋರ್ ಇನ್ಸ್. ಹಾದಿಯಲ್ಲಿದ್ದ ನಾಲ್ಕು ಹೆಂಡದಂಗಡಿಗಳಿಂದ ಬಂದ ಹೆಸರು. ದೂರ ನಲವತ್ತು ಮೈಲಿಗೂ ಹೆಚ್ಚು. ದಾರಿ ಹೋಗುವುದು ಬ್ಲೀಕ್‌ಲೋ, ಕಿಂಡರ್ ಸ್ಕೌಟ್‌ನಂಥ ಮರವಿಲ್ಲದ ನೆತ್ತಿಗಳ ಮೇಲೆ. ಕಾಲಿಟ್ಟಲ್ಲಿ ಕರಿ ಜೌಗು ಮಣ್ಣು. 1964ರ ಮಾರ್ಚ್ 14ರಂದು ಹೊರಟ ತಂಡಗಳಿಗೆ ಮಳೆ ಮತ್ತು ಬಿರುಗಾಳಿ ಒಟ್ಟಿಗೆ ಎದುರಾದವು. ಮೂವರು ರೋವರ್ ಸ್ಕೌಟ್‌ಗಳು ಸತ್ತರು. ಮೂವರೂ ಎಳೆಯ ವಯಸ್ಸಿನ ಗಟ್ಟಿ ಯುವಕರು. ಹುಡುಕಾಟಕ್ಕೆ ನೂರಾರು ಮಂದಿ ಬೆಟ್ಟ ಹತ್ತಿದರು. ಹೃದಯವಂತಿಕೆಗೆ ಕೊರತೆಯಿರಲಿಲ್ಲ, ಆದರೆ ಯಾರು ಎಲ್ಲಿ ಹುಡುಕಬೇಕು, ಯಾರ ಮಾತು ಕೇಳಬೇಕು ಎಂಬ ವ್ಯವಸ್ಥೆ ಇರಲಿಲ್ಲ. ಅದೇ ವರ್ಷ ಪೀಕ್ ಡಿಸ್ಟ್ರಿಕ್ಟಿನ ರಕ್ಷಣಾ ತಂಡಗಳೆಲ್ಲ ಒಂದು ಸಂಸ್ಥೆಯಡಿ ಬಂದವು.

ಈ ದುರಂತವನ್ನು ಅಧ್ಯಯನ ಮಾಡಿ ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದವರು ಗ್ರಿಫಿತ್ ಪ್ಯೂ. ಹಿಲರಿ, ತೇನ್‌ಸಿಂಗ್ ಎವರೆಸ್ಟ್ ಏರಿದ 1953ರ ತಂಡದಲ್ಲಿ ಶರೀರಶಾಸ್ತ್ರಜ್ಞರಾಗಿದ್ದವರು. ಎಂಟು ಸಾವಿರ ಮೀಟರಿನ ದೇಹವನ್ನು ಓದಿದ್ದ ಮನುಷ್ಯ ಆರುನೂರು ಮೀಟರಿನ ಗುಡ್ಡದಲ್ಲಿ ಯುವಕರು ಯಾಕೆ ಸಾಯುತ್ತಾರೆಂದು ಹುಡುಕಲು ಕೂತರು. ನೆನೆದ ಬಟ್ಟೆ ಗಾಳಿಯಲ್ಲಿ ಮೈ ಬೆಚ್ಚಗಿಡುವ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಆಮೇಲೆ ಉಳಿಯುವುದು ನಡೆಯುವುದರಿಂದ ಹುಟ್ಟುವ ಶಾಖ ಒಂದೇ. ದಣಿವು ಹೆಚ್ಚಿ ವೇಗ ತಗ್ಗಿದರೆ ಆ ಶಾಖವೂ ತಗ್ಗುತ್ತದೆ. ಶಾಖ ತಗ್ಗಿದಷ್ಟೂ ವೇಗ ಇನ್ನಷ್ಟು ಕುಸಿಯುತ್ತದೆ. ಹಿಮವೇ ಬೇಕಿಲ್ಲ, ಸೊನ್ನೆಗಿಂತ ಮೇಲಿನ ಮಳೆಯೇ ಸಾಕು.

ಚೆಕ್‌ಪಾಯಿಂಟಿನಲ್ಲಿ ಕೂತವರ ಕೆಲಸ ಏನೆಂದು ಈ ತಿಳಿವಳಿಕೆಯ ಬೆಳಕಿನಲ್ಲಿ ಅರ್ಥವಾಗುತ್ತದೆ. ಮೇಲ್ನೋಟಕ್ಕೆ ಅವರು ಮೋಸ ತಡೆಯುವವರು: ಯಾರೂ ಅಡ್ಡದಾರಿ ಹಿಡಿಯದಂತೆ ಟ್ಯಾಲಿ ಎಂಬ ಗುರುತುಬಿಲ್ಲೆಗೆ ತೂತು ಹೊಡೆಯುವುದು. ಅದೇ ತೂತು ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕು. ಹಿಂದಿನ ಚೆಕ್‌ಪಾಯಿಂಟ್ ಬಿಟ್ಟು ಮೂರು ಗಂಟೆಯಾದರೂ ಇಲ್ಲಿಗೆ ಬಾರದವರು ಯಾರು? ಬಂದವರ ಪಟ್ಟಿಯನ್ನು ಯಾರು ಬೇಕಾದರೂ ಬರೆದಾರು. ಬಾರದವರ ಪಟ್ಟಿ ಬರೆಯಲು ಎರಡು ಕಡೆಯ ಲೆಕ್ಕ ಬೇಕು, ಎರಡನ್ನೂ ಹೊಂದಿಸುವ ಮೂರನೆಯ ಜಾಗವೊಂದು ಬೇಕು. ನಡುವೆ ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಳಿವೆ. ಬ್ರಿಟನ್ನಿನ ಇಂಥ ಎಷ್ಟೋ ನಡಿಗೆಗಳಲ್ಲಿ ರೇನೆಟ್ ಎಂಬ ಹವ್ಯಾಸಿ ರೇಡಿಯೊ ಬಳಗದವರು ಆಂಟೆನಾ ನೆಟ್ಟುಕೊಂಡು ಕೂರುತ್ತಾರೆ. 1953ರಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಗೆ ಕಡಲು ನುಗ್ಗಿ ಟೆಲಿಫೋನ್ ತಂತಿಗಳು ಕೊಚ್ಚಿಹೋದ ಮೇಲೆ ಹುಟ್ಟಿದ ಬಳಗ ಅದು. ರಾತ್ರಿಯಿಡೀ ಅವರು ಓದುವುದು ಬರೀ ಅಂಕಿ: ಇಂಥ ನಂಬರಿನವರು ಇಷ್ಟು ಗಂಟೆಗೆ ಬಂದರು, ಇಂಥ ನಂಬರಿನವರು ಹೊರಟರು, ಇಂಥವರು ಇಲ್ಲಿಗೇ ನಿಲ್ಲಿಸಿದರು.

ಬ್ರಿಟನ್ನಿನಲ್ಲಿ 1972ರಲ್ಲಿ ಹುಟ್ಟಿದ ದೂರ ನಡಿಗೆಗಾರರ ಸಂಘವೊಂದಿದೆ, ಲಾಂಗ್ ಡಿಸ್ಟೆನ್ಸ್ ವಾಕರ್ಸ್ ಅಸೋಸಿಯೇಷನ್. ಮರುವರ್ಷದಿಂದ ಅದು ನಡೆಸಿಕೊಂಡು ಬಂದಿರುವ ಹಬ್ಬದ ಹೆಸರು ‘ಹಂಡ್ರೆಡ್’. ನೂರು ಮೈಲಿ, 48 ಗಂಟೆ. ಪ್ರತಿ ಸಲ ಬೇರೆ ಊರು, ಬೇರೆ ದಾರಿ. ಆತಿಥ್ಯ ಒಂದೊಂದು ಸಲ ಒಂದೊಂದು ಸ್ಥಳೀಯ ಬಳಗದ್ದು. ಹೊರಡುವವರು ಸುಮಾರು ಐನೂರು ಮಂದಿ. ದಾರಿಯುದ್ದಕ್ಕೂ ಬಾಣದ ಗುರುತು ಹಾಕಿರುವುದಿಲ್ಲ. ಯಾವ ಬೇಲಿ ದಾಟಿ ಎಡಕ್ಕೆ, ಯಾವ ಗೇಟು ಕಳೆದು ಬಲಕ್ಕೆ ಎಂದು ಬರೆದ ಹಾಳೆಗಳನ್ನು ಓದಿಕೊಂಡು ನಡೆಯಬೇಕು. ಆ ಹಾಳೆಗಳನ್ನು ಬರೆಯುವುದು ತಿಂಗಳುಗಟ್ಟಲೆಯ ಕೆಲಸ. ‘ದೊಡ್ಡ ಮರದ ಬಳಿ ತಿರುಗಿ’ ಎಂದು ಹಗಲಲ್ಲಿ ಬರೆದವನ ಮೇಲೆ ರಾತ್ರಿ ಎರಡು ಗಂಟೆಗೆ, ಎಲ್ಲ ಮರವೂ ಒಂದೇ ಕರಿ ಗುಪ್ಪೆಯಾಗಿ ಕಾಣುವಾಗ, ಬೈಗುಳದ ಮಳೆ ಸುರಿಯುತ್ತದೆ.

ಆದ್ದರಿಂದಲೇ ಏನೋ, ಈ ಸಂಘದಲ್ಲಿ ಒಂದು ಸೊಗಸಾದ ಪದ್ಧತಿಯಿದೆ. ಮುಖ್ಯ ನಡಿಗೆಗೆ ಕೆಲವು ವಾರ ಮೊದಲು, ಆ ದಿನ ದುಡಿಯಲಿರುವ ಸ್ವಯಂಸೇವಕರೇ ಅದೇ ನೂರು ಮೈಲಿಯನ್ನು ಅದೇ 48 ಗಂಟೆಯಲ್ಲಿ ನಡೆಯುತ್ತಾರೆ. ಹಬ್ಬದ ದಿನ ಬಡಿಸುವವರಿಗೆ ಮೊದಲ ಪಂಕ್ತಿ ಸಿಕ್ಕಂತೆ. ದಾರಿಯ ಬರಹದ ತಪ್ಪುಗಳು ಸಿಗುವುದು ಆಗಲೇ. ಎಂಬತ್ತನೆಯ ಮೈಲಿಯಲ್ಲಿ ಮನುಷ್ಯನಿಗೆ ಏನು ಬೇಕು, ಯಾವ ಮಾತು ಬೇಡ ಎಂಬುದು ಓದಿ ತಿಳಿಯುವ ವಿಷಯವಲ್ಲ.

ಬೇಕಾಗುವುದು ಹೆಚ್ಚಾಗಿ ಸಣ್ಣ ವಸ್ತುಗಳೇ. ಬಿಸಿ ಚಹಾ, ಸೂಪು, ಬೀನ್ಸ್, ಸಿಹಿ ಅಕ್ಕಿ ಪಾಯಸ, ಡಬ್ಬಿ ಹಣ್ಣು. ಲೋಟವನ್ನು ನಡೆಯುವವರೇ ತರಬೇಕು. ಇಲ್ಲದಿದ್ದರೆ ಹಳ್ಳಿಯ ಸಭಾಂಗಣದ ಆ ಪುಟ್ಟ ಅಡುಗೆಮನೆಯಲ್ಲಿ ಐನೂರು ಲೋಟ ತೊಳೆಯುವವರು ಯಾರು? ಅರ್ಧ ದಾರಿ ದಾಟಿದ ಮೇಲೆ ಬರುವ ಬೆಳಗಿನ ತಿಂಡಿಯ ಜಾಗಕ್ಕೆ ಪ್ರತಿಯೊಬ್ಬರ ಚೀಲವನ್ನೂ ವ್ಯಾನಿನಲ್ಲಿ ತಂದು ನಂಬರಿನ ಪ್ರಕಾರ ಜೋಡಿಸಿಡುವುದು ಒಂದು ತಂಡದ ಕೆಲಸ. ಅಲ್ಲಿ ಒಣ ಕಾಲುಚೀಲ ಸಿಕ್ಕವನ ಮುಖ ನೋಡಬೇಕು.

ನೀರು ಕೊಡುವುದು ಮಾತ್ರ ಮೇಲ್ನೋಟಕ್ಕೆ ಕಂಡಷ್ಟು ಸರಳವಲ್ಲ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಿಗೆ ಆ ಅಪಾಯ ಹೆಚ್ಚೆಂದು ವರದಿ ಹೇಳಿತು. ಎಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು. ತಲೆಸುತ್ತು, ವಾಂತಿ, ಮಂಕು ಎಲ್ಲ ನೀರು ಸಾಲದವನಲ್ಲೂ ಇರುತ್ತವೆ, ನೀರು ಅತಿಯಾದವನಲ್ಲೂ ಇರುತ್ತವೆ. ಇನ್ನೊಂದು ಲೋಟ ಕುಡಿಸುವ ಮೊದಲು ಈವರೆಗೆ ಎಷ್ಟು ಕುಡಿದೆ, ಉಪ್ಪಿನದೇನಾದರೂ ತಿಂದೆಯಾ ಎಂದು ಕೇಳುವವರು ಬೇಕು.

ನೀರು ಕೊಟ್ಟು ಅನ್ನ ಹಾಕುವ ವಿಷಯದಲ್ಲಿ ಕನ್ನಡನಾಡಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ನೂರಾರು ಕಿಲೋಮೀಟರ್ ಬಿಸಿಲು ದಾಟಿ ನಲ್ಲಮಲ ಕಾಡು ಹೊಗುತ್ತಾರೆ. ದಾರಿಯುದ್ದಕ್ಕೂ ಊರವರು ಹಾಕಿದ ಚಪ್ಪರ, ಅರವಟ್ಟಿಗೆ, ದಾಸೋಹ. ಗುಳ್ಳೆಯೆದ್ದ ಪಾದಕ್ಕೆ ಎಣ್ಣೆ ಹಚ್ಚಿ ತಿಕ್ಕುವುದನ್ನೂ ಸೇವೆಯೆಂದೇ ತಿಳಿದವರು ಅಲ್ಲಿದ್ದಾರೆ. ಆ ಧಾರಾಳ ಯಾರ್ಕ್‌ಷೈರಿನ ಚೆಕ್‌ಪಾಯಿಂಟಿನಲ್ಲಿ ಸಿಗದು. ಆದರೆ ದಾಸೋಹದಲ್ಲಿ ಉಂಡವರ ಹೆಸರು ಬರೆಯುವ ರೂಢಿಯಿಲ್ಲ, ಬರೆಯುವುದು ತರವೂ ಅಲ್ಲ. ಯಾರು ಹಿಂದೆ ಉಳಿದರು ಎಂಬುದು ಜೊತೆಯಲ್ಲಿ ಹೊರಟ ಊರಿನವರಿಗೆ ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಸುಕಿನಲ್ಲಿ ಹೆದ್ದಾರಿಯಂಚಿನಲ್ಲಿ ನಡೆಯುವ ಪಾದಯಾತ್ರಿಗಳಿಗೆ ವಾಹನ ಗುದ್ದಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗುಂಪಿನ ಹಿಂದೆ ಹೊಳೆಯುವ ಜಾಕೆಟ್ ತೊಟ್ಟು ಟಾರ್ಚ್ ಹಿಡಿದು ನಡೆಯುವ ಇಬ್ಬರನ್ನು ನೇಮಿಸಿದರೆ ಭಕ್ತಿಗೇನೂ ಕುಂದಿಲ್ಲ.

ಹಾಗೆ ಕಟ್ಟಕಡೆಯಲ್ಲಿ ನಡೆಯುವವರನ್ನು ಬ್ರಿಟನ್ನಿನ ನಡಿಗೆಗಳಲ್ಲಿ ಸ್ವೀಪರ್ ಎನ್ನುತ್ತಾರೆ. ಎಲ್ಲಕ್ಕಿಂತ ನಿಧಾನವಾದ ಕಾಲಿನ ಹಿಂದೆ, ಅದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗದೆ, ಇಡೀ ರಾತ್ರಿ ನಡೆಯುವ ಕೆಲಸ. ಬಲ್ಲವರು ಇದನ್ನು ತೀರ ಗಟ್ಟಿಯಾದ ನಡಿಗೆಗಾರರಿಗೇ ಒಪ್ಪಿಸುತ್ತಾರೆ. ತನ್ನ ವೇಗಕ್ಕಿಂತ ಕಡಿಮೆ ವೇಗದಲ್ಲಿ ನಡೆದರೆ ಮೈ ಬೆಚ್ಚಗಾಗುವುದಿಲ್ಲ, ನಿದ್ದೆ ಹತ್ತುತ್ತದೆ.

ಇದಕ್ಕಿಂತ ಕಷ್ಟದ್ದು ಕುರ್ಚಿಯ ಪಕ್ಕದ ಕೆಲಸ. ನಡುರಾತ್ರಿ ಹೊತ್ತಿಗೆ ಒಳಗೆ ಬಂದವನು ಹೀಟರಿನ ಬಳಿ ಕುರ್ಚಿಯಲ್ಲಿ ಕುಸಿಯುತ್ತಾನೆ. ಅವನಿಗೆ ಬೇಕಾದದ್ದು ಹತ್ತು ನಿಮಿಷದ ವಿಶ್ರಾಂತಿಯೋ, ಎಬ್ಬಿಸಿ ಹೊರಗೆ ಕಳಿಸುವ ಗದರಿಕೆಯೋ, ಇಲ್ಲಿಗೇ ಮುಗಿಸು ಎಂಬ ಆಜ್ಞೆಯೋ? ‘ಆರಾಮಾ?’ ಎಂದು ಕೇಳಿ ಪ್ರಯೋಜನವಿಲ್ಲ. ಮೈ ತಣ್ಣಗಾಗುತ್ತಿರುವವನೂ ಆರಾಮು ಅಂತಲೇ ಅನ್ನುತ್ತಾನೆ. ಅನುಭವಸ್ಥರು ನೋಡುವುದು ಬೆರಳುಗಳನ್ನು. ಜಿಪ್ಪು ತೆಗೆಯಲು ತಡಕಾಡುತ್ತಿದ್ದಾನೆಯೇ, ಮಾತು ತೊದಲುತ್ತಿದೆಯೇ, ಮೊದಲು ನಗುತ್ತಿದ್ದವನು ವಿನಾಕಾರಣ ಸಿಡುಕುತ್ತಿದ್ದಾನೆಯೇ? ಹಾಗಿದ್ದರೆ ಟ್ಯಾಲಿ ಕಸಿದುಕೊಳ್ಳಬೇಕು. ಒಂದು ವರ್ಷ ತಯಾರಿ ಮಾಡಿ ಬಂದ ಮನುಷ್ಯನಿಗೆ, ಇನ್ನು ಹದಿನೈದೇ ಮೈಲಿ ಉಳಿದಿರುವಾಗ, ‘ಸಾಕು’ ಅನ್ನಬೇಕು. ಅತ್ತವರಿದ್ದಾರೆ, ಬೈದವರಿದ್ದಾರೆ. ಸ್ವಯಂಸೇವೆ ಎಂದೊಡನೆ ನಗುಮುಖ ಮತ್ತು ಬಾಳೆಹಣ್ಣು ನೆನಪಾಗುವವರು ಈ ಭಾಗವನ್ನು ಎಣಿಕೆಗೆ ತಂದುಕೊಂಡಿರುವುದಿಲ್ಲ.

ಒಬ್ಬರನ್ನಲ್ಲ, ಇಡೀ ನಡಿಗೆಯನ್ನೇ ನಿಲ್ಲಿಸಬೇಕಾದ ಪ್ರಸಂಗವೂ ಬರುತ್ತದೆ. ಫೆಲ್ಸ್‌ಮನ್ 2012ರಲ್ಲಿ ಸುವರ್ಣ ಸಂಭ್ರಮದ ಹೊಸಿಲಲ್ಲಿತ್ತು. ಕೊರೆಯುವ ಗಾಳಿಗೆ ಒಬ್ಬೊಬ್ಬರೇ ಕುಸಿಯತೊಡಗಿದ್ದರಿಂದ ಸಂಘಟಕರು ರಾತ್ರಿಯೇ ಅದನ್ನು ನಿಲ್ಲಿಸಿದರು. 1909ರಲ್ಲಿ ಶುರುವಾಗಿ ಈಗ ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ನಡೆಯುವ ನಾಲ್ಕು ದಿನದ ನಡಿಗೆಯಲ್ಲಿ, 2006ರ ಜುಲೈ ಸೆಕೆಗೆ ಮೊದಲ ದಿನವೇ ಇಬ್ಬರು ಸತ್ತಾಗ ಉಳಿದ ಮೂರು ದಿನಗಳನ್ನು ರದ್ದು ಮಾಡಿದರು. ಅಲ್ಲಿ ನಡೆಯುವವರು ಹತ್ತಾರು ಸಾವಿರ. ಊರೇ ಜಾತ್ರೆಗೆ ಸಜ್ಜಾಗಿರುವಾಗ ಬೇಡ ಅನ್ನುವುದು ಸಣ್ಣ ಮಾತಲ್ಲ.

ಬೇಡ ಅನ್ನುವವರು ಇಲ್ಲದಿದ್ದರೆ ಏನಾಗುತ್ತದೆಂದು ಚೀನಾದ ಗಾನ್ಸು ಪ್ರಾಂತ್ಯ ತೋರಿಸಿತು. 2021ರ ಮೇ 22ರಂದು ಬೈಯಿನ್ ನಗರದ ಬಳಿ ನೂರು ಕಿಲೋಮೀಟರ್ ಬೆಟ್ಟದ ಓಟಕ್ಕೆ 172 ಮಂದಿ ಹೊರಟರು. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿರಲಿಲ್ಲ. ಎರಡನೆಯ ಚೆಕ್‌ಪಾಯಿಂಟಿನಿಂದ ಮೂರನೆಯದಕ್ಕೆ ಕಡಿದಾದ ಏರು, ವಾಹನ ಹೋಗದ ದಾರಿ. ಮೇಲೆ ಹೋದರೆ ಊಟವೂ ಇಲ್ಲ, ಬಿಸಿನೀರೂ ಇಲ್ಲ. ಆಲಿಕಲ್ಲು, ಮಳೆ, ಬಿರುಗಾಳಿ ಬಡಿದದ್ದು ಸರಿಯಾಗಿ ಅಲ್ಲಿಯೇ. 21 ಮಂದಿ ಸತ್ತರು, ಅವರಲ್ಲಿ ದೇಶದ ಅಗ್ರ ಓಟಗಾರರೂ ಇದ್ದರು. ಆರು ಜನರನ್ನು ಉಳಿಸಿದವನು ಆಯೋಜಕರ ಪಟ್ಟಿಯಲ್ಲೇ ಇಲ್ಲದ ಒಬ್ಬ ಕುರಿಗಾಹಿ. ಮಳೆಗೆ ಗುಹೆಯಲ್ಲಿ ನಿಂತಿದ್ದವನು ಅವರನ್ನು ಒಳಗೆ ಕರೆತಂದು ಬೆಂಕಿ ಹಾಕಿದ. ಹೆಚ್ಚು ಕಷ್ಟದ ಜಾಗಕ್ಕೆ ಹೆಚ್ಚು ಜನ ಬೇಕೆಂಬುದು ಯಾರಿಗೂ ತಿಳಿಯದ ಗುಟ್ಟೇನಲ್ಲ. ಆದರೆ ಜನ ಸಿಗುವುದು ಕಾರು ನಿಲ್ಲಿಸಲು ಜಾಗವಿರುವ ಕಡೆಗೇ. ಯಾವ ಸಂಘಟಕರ ನಕ್ಷೆಯನ್ನು ಬಿಡಿಸಿ ನೋಡಿದರೂ ಈ ಸೆಳೆತ ಕಾಣುತ್ತದೆ.

ಕೊನೆಯವರು ಗುರಿ ಮುಟ್ಟಿ ಚಪ್ಪಾಳೆ ಮುಗಿದ ಮೇಲೂ ಕೆಲಸ ಉಳಿಯುತ್ತದೆ. ಡೇರೆ ಬಿಚ್ಚಬೇಕು, ಹೊಲದ ಗೇಟುಗಳು ಮುಚ್ಚಿವೆಯೇ ನೋಡಬೇಕು, ಶಾಲೆಯ ನೆಲದ ಕೆಸರು ತೊಳೆಯಬೇಕು. ಎಲ್ಲಕ್ಕೂ ಮೊದಲು ಕೂಡುವ ಕಳೆಯುವ ಲೆಕ್ಕ: ಹೊರಟವರು ಇಷ್ಟು, ಮುಗಿಸಿದವರು ಇಷ್ಟು, ಮಧ್ಯೆ ಬಿಟ್ಟವರು ಇಷ್ಟು. ಒಬ್ಬನ ಲೆಕ್ಕ ತಾಳೆಯಾಗದಿದ್ದರೂ ಯಾರೂ ಮನೆಗೆ ಹೋಗುವಂತಿಲ್ಲ. ರಕ್ಷಣಾ ತಂಡ ಬೂಟು ಬಿಚ್ಚುವಂತಿಲ್ಲ. ಹೆಚ್ಚಿನ ಸಲ ಆ ಒಬ್ಬ ಬೆಟ್ಟದ ಮೇಲೆ ಇರುವುದಿಲ್ಲ. ಕಾಲು ನೋವೆಂದು ಯಾವುದೋ ರಸ್ತೆ ತಿರುವಿನಲ್ಲಿ ಯಾರದೋ ಕಾರು ಹತ್ತಿ, ಯಾರಿಗೂ ಹೇಳದೆ ಊರು ಸೇರಿರುತ್ತಾನೆ. ಅರ್ಜಿಯಲ್ಲಿ ಬರೆದುಕೊಟ್ಟಿದ್ದ ಮನೆಯ ನಂಬರಿಗೆ ಫೋನ್ ಮಾಡಿದರೆ ಹೆಂಡತಿ ಎತ್ತುತ್ತಾಳೆ: ಮಲಗಿದ್ದಾರೆ, ಎಬ್ಬಿಸಲೇ?