ಸಂಶೋಧನೆಯ ಫಲ ಯಾರ ಅಂಗಳಕ್ಕೆ?

ಕೆಲವು ವರ್ಷಗಳ ಹಿಂದೆ ನಮ್ಮೂರಿಗೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಬಂದಿದ್ದ. ಕಾಲುವೆ ನೀರು ಹರಿದ ಮೇಲೆ ಎರೆಹೊಲಗಳು ಸವಳಾಗುತ್ತಿರುವುದು ಅವನ ವಿಷಯ. ಮಠದ ಕಟ್ಟೆಯ ಮೇಲೆ ಕುಳಿತು ಎರಡು ದಿನ ರೈತರನ್ನು ಮಾತನಾಡಿಸಿದ. ಅವರು ಹೊಲ ತೋರಿಸಿದರು, ಸಾಲದ ಲೆಕ್ಕ ಹೇಳಿದರು, ರೊಟ್ಟಿ ಊಟ ಮಾಡಿಸಿ ಕಳಿಸಿದರು. ಕೇಳಿದ್ದು ಕನ್ನಡದಲ್ಲಿ, ಹೇಳಿದ್ದು ಕನ್ನಡದಲ್ಲಿ. ಪ್ರಬಂಧ ಮಾತ್ರ ಇಂಗ್ಲಿಷಿನಲ್ಲಿ ಸಿದ್ಧವಾಯಿತು. ಹುಡುಗ ಡಾಕ್ಟರೇಟ್ ಪಡೆದ. ಸವಳು ಹೊಲದ ರೈತನಿಗೆ ಏನು ತಿಳಿಯಿತು? ಏನೂ ಇಲ್ಲ.

ಅವನನ್ನು ನಾನು ದೂರುವುದಿಲ್ಲ. ಫೋನಿನಲ್ಲಿ ಕೇಳಿದಾಗ ಅವನೇ ಹೇಳಿದ: "ಮಾಸ್ತರ್ರ, ಕನ್ನಡದಾಗ ಬರದ್ರ ಯಾರೂ ಲೆಕ್ಕಕ್ಕ ಹಿಡಿಯೂದಿಲ್ರೀ." ಈ ಒಂದು ಮಾತಿನಲ್ಲಿ ನಮ್ಮ ವಿಶ್ವವಿದ್ಯಾಲಯಗಳ ರೋಗವೆಲ್ಲ ಇದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಮುಂಬೈ ಪ್ರಾಂತದಲ್ಲಿದ್ದ ಕನ್ನಡಿಗರಿಗೆ ತಮ್ಮದೇ ವಿದ್ಯಾಕೇಂದ್ರ ಬೇಕೆಂಬ ಹಂಬಲದ ಫಲ ಅದು. ಆರಂಭದಲ್ಲಿ ಮುಂಬೈಯಲ್ಲಿದ್ದ ಅದರ ಕಚೇರಿ ಮರುವರ್ಷ ಧಾರವಾಡಕ್ಕೆ ಬಂತು. ಅಂದಿನಿಂದ ಅದು ಎರಡು ನಾಲಿಗೆಯ ಸಂಸ್ಥೆ. ಕನ್ನಡ ಅಧ್ಯಯನ, ಇತಿಹಾಸದಂಥ ವಿಭಾಗಗಳಲ್ಲಿ ಕನ್ನಡಕ್ಕೆ ಜಾಗವಿದೆ. ವಿಜ್ಞಾನದ ಕಡೆಗೆ ಹೋದರೆ ಇಂಗ್ಲಿಷೇ ಎಲ್ಲ. ಎರಡು ಭಾಷೆ ಇರುವುದು ದೋಷವಲ್ಲ, ಅದು ಬಲ. ಫ್ಲೀಟ್ ನಮ್ಮ ಶಾಸನಗಳ ಬಗ್ಗೆ ಬರೆದದ್ದು ಇಂಗ್ಲಿಷಿನಲ್ಲಿ. 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ಕನ್ನಡ-ಇಂಗ್ಲಿಷ್. ಇಂಗ್ಲಿಷ್ ಬೇಡವೆನ್ನುವುದು ಒಂದು ಕಣ್ಣು ಮುಚ್ಚಿಕೊಂಡಂತೆ. ಆದರೆ ಈಗ ಮುಚ್ಚುತ್ತಿರುವುದು ಇನ್ನೊಂದು ಕಣ್ಣು.

ಕಾರಣ ಸರಳವಾಗಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಸಂಶೋಧನೆಯನ್ನು ಅಳೆಯುವಾಗ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಜಾಗತಿಕ ಪಟ್ಟಿಗಳಲ್ಲಿರುವ ಲೇಖನಗಳನ್ನು ಎಣಿಸುತ್ತದೆ. ಆ ಪಟ್ಟಿಗಳಲ್ಲಿ ಕನ್ನಡ ನಿಯತಕಾಲಿಕಗಳಿಗೆ ಸ್ಥಾನವಿಲ್ಲದಷ್ಟೇ. ಹೀಗಾಗಿ ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದು ಮೊದಲು ತೀರ್ಮಾನವಾಗುತ್ತದೆ. ಅದರ ಬೆನ್ನಿಗೆ ಯಾವ ವಿಷಯ ಆರಿಸಬೇಕು ಎಂಬುದೂ ತೀರ್ಮಾನವಾಗುತ್ತದೆ. ದೂರದ ಸಂಪಾದಕನಿಗೆ ರುಚಿಸುವ ವಿಷಯ ಮೇಲೆ ಬರುತ್ತದೆ. ಮಲಪ್ರಭೆಯ ಅಚ್ಚುಕಟ್ಟಿನ ಸವಳು, ಮುಂಡರಗಿ ಕಡೆಯ ಫ್ಲೋರೈಡ್ ನೀರು, ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಕಷ್ಟ, ಗದಗ-ಬೆಟಗೇರಿಯ ನೇಕಾರರ ಬದುಕು, ಉತ್ತರ ಕನ್ನಡದ ಸಿದ್ದಿ ಸಮುದಾಯದ ಶಿಕ್ಷಣ ಇವೆಲ್ಲ ಕೆಳಗೆ ಜಾರುತ್ತವೆ.

ಹಣ ಕಡಿಮೆ, ಕಾಯಂ ಅಧ್ಯಾಪಕರೂ ಕಡಿಮೆ. ಇಂಥಲ್ಲಿ ಆದ್ಯತೆ ಎಂದರೆ ಕೆಲವನ್ನು ಹಿಡಿಯುವುದು, ಕೆಲವನ್ನು ಬಿಡುವುದು. ಧಾರವಾಡದಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿಯೂ ಇದೆ. ಅವುಗಳ ಜೊತೆ ಓಟದ ಪಂದ್ಯ ಕಟ್ಟುವುದು ವ್ಯರ್ಥ. ಅವು ಮಾಡಲಾರದ ಕೆಲಸ ಯಾವುದು? ಈ ನೆಲದ ಜನರ ಮಾತನ್ನು ಕೇಳಿ, ಅದನ್ನು ಜಗತ್ತಿನ ಜ್ಞಾನದೊಡನೆ ಒರೆಹಚ್ಚಿ, ಮತ್ತೆ ಅದೇ ಜನರ ಮಾತಿನಲ್ಲಿ ಹಿಂತಿರುಗಿಸುವುದು. ಎರಡು ಭಾಷೆಯ ವಿಶ್ವವಿದ್ಯಾಲಯದ ನಿಜವಾದ ಕಾಯಕ ಇದೇ.

ಶರಣರ ಅನುಯಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಜ್ಞಾನಕ್ಕೆ ಸಂಸ್ಕೃತವೇ ಬೇಕೆಂಬ ಕಟ್ಟು ಮುರಿಯಿತು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಆಯ್ದಕ್ಕಿ ಲಕ್ಕಮ್ಮನವರು ತಮ್ಮ ಕಾಯಕದ ಅನುಭವವನ್ನೇ ಪ್ರಮಾಣವಾಗಿ ತಂದಿಟ್ಟರು. ಯಾವ ಪ್ರಶ್ನೆ ದೊಡ್ಡದು, ಯಾವುದು ಚಿಕ್ಕದು ಎಂಬುದನ್ನು ಪಂಡಿತರಷ್ಟೇ ಹೇಳುವ ಕಾಲ ಅಲ್ಲಿಗೆ ಮುಗಿದಿತ್ತು. ಇಂದು ಸಂಸ್ಕೃತದ ಜಾಗದಲ್ಲಿ ಇನ್ನೊಂದು ಭಾಷೆ ಕುಳಿತಿದೆ, ಅಷ್ಟೇ ವ್ಯತ್ಯಾಸ.

ಹಳಕಟ್ಟಿಯವರನ್ನು ನೆನೆಯಿರಿ. ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮನೆ ಮನೆ, ಮಠ ಮಠ ಅಲೆದು ಓಲೆಗರಿ ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ, 1926ರಲ್ಲಿ ಶಿವಾನುಭವ ಪತ್ರಿಕೆ. ಬೆನ್ನ ಹಿಂದೆ ವಿಶ್ವವಿದ್ಯಾಲಯವಿರಲಿಲ್ಲ, ಅನುದಾನವಿರಲಿಲ್ಲ. ಮುಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದಾಗಿ ಬಂದದ್ದು ಅದೇ ದಾರಿಯ ಮುಂದುವರಿಕೆ. ಇವತ್ತಿನ ಎಣಿಕೆಯ ಕೋಲಿನಿಂದ ಅಳೆದರೆ ಈ ಇಬ್ಬರ ಸಾಧನೆಗೆ ಎಷ್ಟು ಅಂಕ ಬಂದೀತು?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸಬೇಕು. ನಾವು ವಿಶ್ವವಿದ್ಯಾಲಯವನ್ನು ಏನು ಕೇಳುತ್ತ ಬಂದಿದ್ದೇವೆ? ಪೀಠ ಬೇಕು, ಜಯಂತಿಗೆ ವಿಚಾರಸಂಕಿರಣ ಬೇಕು, ಅಭಿನಂದನ ಗ್ರಂಥ ಬೇಕು. ಸಂಶೋಧನೆ ನಮ್ಮನ್ನು ಹೊಗಳಿದರೆ ಶಾಲು ಹೊದಿಸುತ್ತೇವೆ, ಪ್ರಶ್ನಿಸಿದರೆ ಬಾಗಿಲು ಹಾಕುತ್ತೇವೆ. ಕಲಬುರ್ಗಿಯವರ 'ಮಾರ್ಗ'ದ ಬರಹಗಳ ವಿರುದ್ಧ 1989ರಲ್ಲಿ ಎದ್ದ ಕೂಗು ನಮ್ಮೊಳಗಿನದೇ. ಆ ಒತ್ತಡಕ್ಕೆ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಹತ್ಯೆಯಾದಾಗ ನಾವೆಲ್ಲ ಕಣ್ಣೀರಿಟ್ಟೆವು. ಬದುಕಿದ್ದಾಗ ಅವರ ಬೆನ್ನಿಗೆ ನಿಲ್ಲದ ಲೆಕ್ಕ ಮಾತ್ರ ಇನ್ನೂ ತೀರಿಲ್ಲ. ಸಂಶೋಧನೆಯ ಆದ್ಯತೆಯ ಬಗ್ಗೆ ಮಾತನಾಡುವ ಹಕ್ಕು ನಮಗೆ ಬರಬೇಕಾದರೆ, ಕಹಿಯಾದ ಉತ್ತರವನ್ನೂ ನುಂಗುವ ಶಕ್ತಿ ಮೊದಲು ಬರಬೇಕು.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು.

ಒಂದು, ಇಂಗ್ಲಿಷಿನಲ್ಲಿ ಬರೆದ ಪ್ರತಿ ಪಿಎಚ್.ಡಿ. ಪ್ರಬಂಧದ ಜೊತೆ ಇಪ್ಪತ್ತು ಪುಟದ ತಿಳಿಗನ್ನಡದ ಸಾರ ಕಡ್ಡಾಯವಾಗಲಿ. ಪ್ರಬಂಧಗಳು ಈಗಾಗಲೇ ಶೋಧಗಂಗಾ ಜಾಲತಾಣಕ್ಕೆ ಹೋಗುತ್ತಿವೆ. ಈ ಸಾರವೂ ಹೋಗಲಿ. ಮಾಹಿತಿ ಕೊಟ್ಟ ಊರಿನಲ್ಲಿ ಅದನ್ನು ಓದಿ ಹೇಳುವ ಒಂದು ಸಭೆಯೂ ನಡೆಯಲಿ.

ಎರಡು, ಮೂರು ವರ್ಷಕ್ಕೊಮ್ಮೆ ವಿಷಯಗಳ ಆದ್ಯತೆಪಟ್ಟಿ ತಯಾರಾಗಲಿ. ಅದಕ್ಕೆ ಮುನ್ನ ತಾಲೂಕು ಊರುಗಳಲ್ಲಿ ರೈತರು, ನೇಕಾರರು, ಆಶಾ ಕಾರ್ಯಕರ್ತೆಯರು, ಶಾಲಾ ಶಿಕ್ಷಕರ ಮಾತನ್ನು ಪ್ರಾಧ್ಯಾಪಕರು ಕುಳಿತು ಕೇಳಲಿ. ವಿಶ್ವವಿದ್ಯಾಲಯ ತನ್ನ ಸ್ವಂತ ಹಣದಿಂದ ಕೊಡುವ ಶಿಷ್ಯವೇತನಗಳಲ್ಲಿ ಅರ್ಧದಷ್ಟನ್ನಾದರೂ ಆ ಪಟ್ಟಿಗೆ ಮೀಸಲಿಡಲಿ. ಉಳಿದರ್ಧ ಜ್ಞಾನದ ಶುದ್ಧ ಕುತೂಹಲಕ್ಕಿರಲಿ. ಅದೂ ಬೇಕು. ನಕ್ಷತ್ರ ನೋಡುವವನನ್ನು ಹೊಲಕ್ಕೆ ಅಟ್ಟಬೇಕೆಂದು ನಾನು ಹೇಳುತ್ತಿಲ್ಲ.

ಮೂರು, ತಜ್ಞರಿಂದ ಕಟ್ಟುನಿಟ್ಟಾಗಿ ಪರಿಶೀಲನೆಗೊಳಗಾದ ಕನ್ನಡ ಸಂಶೋಧನಾ ಪತ್ರಿಕೆಗಳಿಗೆ ಬಡ್ತಿಯ ಲೆಕ್ಕದಲ್ಲಿ ಸಮಾನ ತೂಕ ಸಿಗುವಂತೆ ರಾಜ್ಯ ಸರ್ಕಾರ ನಿಯಮ ಮಾಡಿಸಲಿ. ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿಯೇ 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಉತ್ತರಪತ್ರಿಕೆಗೆ ಸಲ್ಲುವ ಭಾಷೆ ಸಂಶೋಧನೆಗೆ ಯಾಕೆ ಸಲ್ಲಬಾರದು?

ನಾಲ್ಕನೆಯದು ನಮ್ಮ ಪಾಲಿನದು. ಎಷ್ಟೋ ಮಠಗಳ ಅಟ್ಟದ ಮೇಲೆ ಓಲೆಗರಿ, ಬಖೈರು, ಹಳೆಯ ಕಡತಗಳ ಗಂಟು ಇನ್ನೂ ಗೆದ್ದಲಿಗೆ ಆಹಾರವಾಗುತ್ತಿವೆ. ಪೂಜ್ಯರು ಅವುಗಳನ್ನು ಬಿಚ್ಚಿ ಸ್ಕ್ಯಾನ್ ಮಾಡಲು ಕೊಡಲಿ. ಜಾತ್ರೆಯ ಖರ್ಚಿನಲ್ಲಿ ಒಂದು ಪಾಲು ಉಳಿಸಿ ಒಬ್ಬ ಬಡ ಸಂಶೋಧಕಿಗೆ ಶಿಷ್ಯವೇತನ ಕೊಡಲಿ. ಆದರೆ ಆಕೆ ಏನು ಬರೆಯಬೇಕೆಂದು ಹೇಳದಿರಲಿ. ಫಲದ ಮೇಲೆ ಹಕ್ಕು ಸಾಧಿಸದೆ ಕೊಡುವುದೇ ದಾಸೋಹ.

ನಮ್ಮೂರಿನ ರೈತರು ಇಂದಿಗೂ ನನ್ನನ್ನು ಕೇಳುತ್ತಾರೆ: "ಆ ಹುಡುಗ ಏನಂತ ಬರದಾನ್ರೀ ಮಾಸ್ತರ?" ಆ ಪ್ರಬಂಧವನ್ನು ತರಿಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟು, ಈಗ ನಾನೇ ಕನ್ನಡಕ್ಕೆ ಇಳಿಸುತ್ತಿದ್ದೇನೆ. ಮೂರನೆಯ ಅಧ್ಯಾಯದಲ್ಲಿ ಬಸಿಗಾಲುವೆ ತೆಗೆಯುವ ಬಗ್ಗೆ ಒಳ್ಳೆಯ ಮಾತುಗಳಿವೆ. ಅವು ಆ ಕಟ್ಟೆಗೆ ಅಂದೇ ತಲುಪಬೇಕಾಗಿತ್ತು.