ಕಾಡಿನ ಲೈಸೆನ್ಸು ಯಾರ ಹೆಸರಲ್ಲಿದೆ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿತಲ್ಲ, ಆಗ ನಮ್ಮ ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ನಡೆದ ಗೋಳಾಟ ನೋಡಬೇಕಿತ್ತು. ರೂಮ್ ಬುಕ್ ಆಗಿದೆ, ದುಡ್ಡು ವಾಪಸ್ ಬರುತ್ತೋ ಇಲ್ವೋ, ಮಕ್ಕಳಿಗೆ ಹುಲಿ ತೋರಿಸ್ತೀವಿ ಅಂದಿದ್ವಿ. ಸತ್ತವರ ಹೆಸರು ಒಂದು ಮೆಸೇಜಿನಲ್ಲೂ ಇರಲಿಲ್ಲ. ಜೊತೆಗೆ ಇನ್ನೊಂದು ಮಾತು ಎಲ್ಲಾ ಕಡೆ ಓಡಾಡ್ತು: ಸಫಾರಿ ನಿಂತ್ರೆ ಸ್ಥಳೀಯರ ಹೊಟ್ಟೆಪಾಡು ಹೋಗುತ್ತೆ.

ಯಾರು ಈ ಸ್ಥಳೀಯರು? ನಾನು ಆ ಕಡೆ ಎರಡು ಸಲ ಸಫಾರಿಗೆ ಹೋಗಿದ್ದೀನಿ. ಎರಡೂ ಸಲ ಜೀಪಿನ ಮುಂದೆ ಕೂತು ಇಂಗ್ಲಿಷಿನಲ್ಲಿ ವಿವರಣೆ ಕೊಟ್ಟ ‘ನ್ಯಾಚುರಲಿಸ್ಟ್’ ನಮ್ಮ ಬೆಂಗಳೂರಿನ ಹುಡುಗನೇ. ಒಳ್ಳೆ ಹುಡುಗರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಹುಲಿ ಯಾವ ದಾರಿ ದಾಟಿತು ಅಂತ ಅವರಿಗೆ ಗೊತ್ತಾಗಿದ್ದು ಬೆಳಗಿನ ಜಾವ ನಡೆದು ಬಂದ ವಾಚರ್ ಒಬ್ಬ ಹೆಜ್ಜೆ ನೋಡಿ ಹೇಳಿದ್ದರಿಂದ. ಆ ವಾಚರ್ ಜೇನುಕುರುಬರವನು, ದಿನಗೂಲಿ. ಜೀಪಿನಲ್ಲಿ ಕೂತವರು ಟಿಪ್ಸ್ ಕೊಟ್ಟಿದ್ದು ಅವನಿಗಲ್ಲ.

ಇದು ಸಫಾರಿ ಕಾಲದ ಕತೆಯಲ್ಲ, ಬೇಟೆ ಲೈಸೆನ್ಸಿನ ಕಾಲದಿಂದ ಬಂದಿದ್ದು. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನಿನ ಸಂರಕ್ಷಣೆಗೆ ಅಂತ ಒಂದು ಕಾಯಿದೆ ಬಂತು. ಕಾಗದದ ಮೇಲೆ ಪ್ರಾಣಿಗಳ ರಕ್ಷಣೆ. ನೆಲದ ಮೇಲೆ ಏನಪ್ಪಾ ಅಂದ್ರೆ, ಲೈಸೆನ್ಸ್ ಇದ್ದ ದೊರೆ ಹೊಡೆದ್ರೆ ಶಿಕಾರಿ, ಲೈಸೆನ್ಸ್ ಇಲ್ಲದ ಕುರುಬ ಮೊಲ ಹಿಡಿದ್ರೆ ಕಳ್ಳಬೇಟೆ. ಪ್ರಾಣಿ ಸಾಯೋದು ಎರಡರಲ್ಲೂ ಒಂದೇ ಥರ.

ದೊರೆ ಒಬ್ಬನೇ ಹೋಗಿ ಹುಲಿ ಹೊಡೀತಿರಲಿಲ್ಲ. ಹುಲಿ ಎಲ್ಲಿ ಮಲಗುತ್ತೆ ಅಂತ ಹೇಳೋನು ಬೇಕು, ಮಚಾನು ಕಟ್ಟೋನು ಬೇಕು, ತಮಟೆ ಬಡಿದು ಪೊದೆಯಿಂದ ಸೋವೋರು ಬೇಕು. ಕೋಟೆ ಸೀಮೆಯ ನಮ್ಮ ಹೊಲಗೇರಿಯಿಂದ ನಮ್ಮ ತಾತನೂ ಹಂಗೆ ಹೋಗ್ತಿದ್ನಂತೆ. ಅಜ್ಜಿ ಹೇಳ್ತಿದ್ಲು: ಪಟೇಲನ ಕಡೆಯಿಂದ ಆಳು ಬಂದು ಕೇರಿ ಬಾಯಲ್ಲಿ ನಿಂತು ಕೂಗೋನು, ಹೋಗ್ಲೇಬೇಕು. ಕೂಲಿ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಒಂದ್ಸಲ ಸೋವುವಾಗ ಹಂದಿ ತಿವಿದು ತಾತನ ತೊಡೆ ಸೀಳಿತ್ತು. ಆಮೇಲೆ ತಾತ ಊರು ಬಿಟ್ಟು ಯಶವಂತಪುರಕ್ಕೆ ಬಂದು ಮಂಡಿಯಲ್ಲಿ ಮೂಟೆ ಹೊತ್ತ. ಕುಂಟಿಕೊಂಡೇ ಹೊತ್ತ.

ಖೆಡ್ಡಾನೂ ಅಷ್ಟೇ. 1870ರ ದಶಕದಲ್ಲಿ ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ ಮೈಸೂರಿನಲ್ಲಿ ಶುರು ಮಾಡಿದ ಆನೆ ಹಿಡಿಯೋ ಕಾರ್ಯಾಚರಣೆ 1971ರವರೆಗೂ ನಡೀತು. ಕಾಕನಕೋಟೆ ಖೆಡ್ಡಾ ನೋಡೋಕೆ ವೈಸರಾಯ್‌ಗಳು ಬಂದು ಗ್ಯಾಲರಿಯಲ್ಲಿ ಕೂರೋರು. ಆನೆ ಹಿಂಡನ್ನ ಹೊಳೆಗೆ ಇಳಿಸಿದ ಜೇನುಕುರುಬರು, ಬೆಟ್ಟಕುರುಬರು ಫೋಟೋಗಳಲ್ಲಿ ಸಾಲಾಗಿ ನಿಂತಿದ್ದಾರೆ. ಕೆಳಗೆ ಬರೆದ ಹೆಸರುಗಳಲ್ಲಿ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಬೇಟೆ ನಿಲ್ಲಲಿಲ್ಲ, ವ್ಯಾಪಾರ ಆಯ್ತು. ನಾಗಪುರದ ಆಲ್ವಿನ್ ಕೂಪರ್ ಥರದ ಶಿಕಾರಿ ಕಂಪನಿಗಳು ವಿದೇಶಿಯರನ್ನ ಕರೆಸಿ, ಡಾಲರ್ ತಗೊಂಡು ಹುಲಿ ಹೊಡೆಸ್ತಿದ್ವು. ಸರ್ಕಾರಕ್ಕೆ ವಿದೇಶಿ ವಿನಿಮಯ, ಕಂಪನಿಗೆ ಲಾಭ, ಸೋವೋರಿಗೆ ಅದೇ ಕೂಲಿ. 1970ರಲ್ಲಿ ಹುಲಿ ಬೇಟೆ ನಿಷೇಧ ಆಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು.

ಈ 1972ರ ಕಾಯಿದೆ ಬಗ್ಗೆ ಒಂದು ವಿಷಯ ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಅದು ಬಂದ ದಿನವೇ ಎಲ್ಲಾ ಬೇಟೆ ನಿಲ್ಲಿಸಲಿಲ್ಲ. ಸ್ಪೆಷಲ್ ಗೇಮ್, ಬಿಗ್ ಗೇಮ್, ಸ್ಮಾಲ್ ಗೇಮ್, ಪ್ರಾಣಿ ಹಿಡಿಯೋ ಲೈಸೆನ್ಸು ಅಂತ ನಾಲ್ಕು ಥರ ಲೈಸೆನ್ಸು ಆ ಕಾಯಿದೆಯಲ್ಲೇ ಇದ್ವು. 1991ರ ತಿದ್ದುಪಡಿಯಲ್ಲಿ ಅವು ಹೋದ್ವು. ಅಂದ್ರೆ ಸುಮಾರು ಇಪ್ಪತ್ತು ವರ್ಷ ಕಾನೂನು ಹೇಳಿದ್ದು ಇಷ್ಟು: ಅರ್ಜಿ ಬರೆಯೋಕೆ, ಫೀಸು ಕಟ್ಟೋಕೆ, ಬಂದೂಕು ಇಟ್ಕೊಳ್ಳೋಕೆ ತಾಕತ್ತಿದ್ರೆ ದಾರಿ ಇದೆ. ಹಕ್ಕಿಪಿಕ್ಕಿಗಳಿಗೆ ಅರ್ಜಿ ಬರೆಯೋಕೆ ಬರ್ತಿರಲಿಲ್ಲ. ಬಲೆ ಹಾಕೋದು ಅವರ ಕಸುಬು, ಹೆಸರಲ್ಲೇ ಇದೆ. ಬೇರೆ ಕಸುಬು ಕೊಡದೆ ಕಾನೂನು ಅವರನ್ನ ಅಪರಾಧಿ ಮಾಡ್ತು. ಬೇಟೆ ಮತ್ತೆ ಶುರುವಾಗಲಿ ಅಂತ ನಾನು ಹೇಳ್ತಿಲ್ಲ, ಕಾಮೆಂಟಿನಲ್ಲಿ ಅದನ್ನ ಎತ್ಕೊಂಡು ಬರಬೇಡಿ. ಲೈಸೆನ್ಸು ಅನ್ನೋ ಕಾಗದ ಯಾರನ್ನ ಒಳಗೆ ಬಿಡುತ್ತೆ, ಯಾರನ್ನ ಹೊರಗಿಡುತ್ತೆ ಅನ್ನೋದು ನನ್ನ ಪ್ರಶ್ನೆ.

ಆಮೇಲೆ ಬಂದಿದ್ದು ಪ್ರವಾಸೋದ್ಯಮ. 1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ ಜಂಗಲ್ ಲಾಡ್ಜಸ್ ಶುರು ಮಾಡ್ತು. ಕಬಿನಿಯ ಕಾರಾಪುರದಲ್ಲಿ, ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗದಲ್ಲೇ ಲಾಡ್ಜ್ ಎದ್ದಿತು. ಅದನ್ನ ಕಟ್ಟಿ ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲದ ಬೇಟೆಗಾರ, ಚಿಕ್ಕ ಹುಡುಗನಾಗಿದ್ದಾಗಲೇ ಹುಲಿ ಹೊಡೆದವರು. ಬಂದೂಕು ಕೆಳಗಿಟ್ಟು ಸಂರಕ್ಷಣೆಗೆ ಬಂದ್ರು, ಎಲ್ಲರೂ ‘ಪಾಪಾ’ ಅಂತ ಪ್ರೀತಿಯಿಂದ ಕರೆದ್ರು, 2010ರಲ್ಲಿ ತೀರಿಕೊಂಡ್ರು. ಒಳ್ಳೆಯದೇ. ಹುಲಿ ಹೊಡೆದವರಿಗೆ ಬದಲಾಗೋ ಅವಕಾಶ ಸಿಕ್ತು, ಗೌರವ ಸಿಕ್ತು. ಹುಲಿ ಸೋವಿದವರಿಗೆ? ಅದೇ ನಾಗರಹೊಳೆಯಿಂದ ಜೇನುಕುರುಬರ ಹಾಡಿಗಳನ್ನ ಎತ್ತಂಗಡಿ ಮಾಡಿದ್ರು. ಅದೇ ಕಾಡಿನೊಳಗೆ ತಾಜ್ ಗುಂಪಿಗೆ ಹೋಟೆಲ್ ನಡೆಸೋಕೆ ಜಾಗ ಕೊಟ್ರು. ಆದಿವಾಸಿಗಳು ಬೀದಿಗಿಳಿದು, ಹೈಕೋರ್ಟಿಗೂ ಹೋಗಿ, 1997ರಲ್ಲಿ ಅದನ್ನ ನಿಲ್ಲಿಸಿದ್ರು. ಅವತ್ತು ಕಾಡು ಉಳಿಸಿದ್ದು ಯಾರು ಅಂತ ಯಾವ ಸಫಾರಿ ಗೈಡೂ ಜೀಪಿನಲ್ಲಿ ಹೇಳಿದ್ದು ನಾನು ಕೇಳಿಲ್ಲ.

ಇದು ದೂರದ ಕಾಡಿನ ವಿಷಯ, ನಮಗೇನು ಅನ್ನೋ ಉತ್ತರ ಬೆಂಗಳೂರಿನ ಗೆಳೆಯರಿಗೆ ಒಂದು ಮಾತು. ಯಶವಂತಪುರ ದಾಟಿದ್ರೆ ಸಿಗೋ ಜಾಲಹಳ್ಳಿಯಲ್ಲಿ ಚಿರತೆ ಇದ್ದ ಕಾಲ ಇತ್ತು. ಕೆನೆತ್ ಆಂಡರ್ಸನ್ ಬರೆದಿದ್ದನ್ನ ತೇಜಸ್ವಿ ‘ಜಾಲಹಳ್ಳಿಯ ಕುರ್ಕ’ ಅಂತ ಕನ್ನಡಕ್ಕೆ ತಂದಿದ್ದಾರೆ, ನಮ್ಮಲ್ಲಿ ಬಹಳ ಜನ ಓದಿದ್ದೀರಿ. ಆಂಡರ್ಸನ್ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು: ಜೊತೆಗೆ ಕಾಡು ಅಲೆದ ಪೂಜಾರಿ ಬೈರನ ಹೆಸರನ್ನ ಒಂದು ಅಧ್ಯಾಯದ ತಲೆಮೇಲೇ ಹಾಕಿದ. ನಮ್ಮ ಪ್ರವಾಸೋದ್ಯಮ ಅಷ್ಟೂ ಮಾಡಿಲ್ಲ.

ಬೇರೆ ಕಡೆ ಹೇಗಿದೆ? ಅಮೆರಿಕದ ಅಲಾಸ್ಕಾದಲ್ಲಿ ಇವತ್ತಿಗೂ ಕಾನೂನುಬದ್ಧ ಬೇಟೆ ಇದೆ. ಬೇಟೆ ಗೈಡುಗಳಿಗೆ ರಾಜ್ಯ ಸರ್ಕಾರದ ಮಂಡಳಿಯೇ ಲೈಸೆನ್ಸು ಕೊಡುತ್ತೆ. ಬೇರೆ ರಾಜ್ಯದವನು ಕಂದು ಕರಡಿ ಬೇಟೆಗೆ ಬಂದ್ರೆ ಲೈಸೆನ್ಸ್ ಇರೋ ಗೈಡ್ ಜೊತೆಗಿರಬೇಕು, ಇಲ್ಲಾ ಅಲ್ಲೇ ವಾಸ ಇರೋ ಹತ್ತಿರದ ಸಂಬಂಧಿಕ ಇರಬೇಕು. ಬೇಟೆ ನಮಗೆ ಬೇಡ. ಆದ್ರೆ ಕಾಡು ಬಲ್ಲವನು ಜೊತೆಗಿಲ್ಲದೆ ಹೊರಗಿನವನು ಒಳಗೆ ಹೋಗಬಾರದು ಅನ್ನೋ ನಿಯಮದಲ್ಲಿ ಒಂದು ತಿರುಳಿದೆ. ಮಧ್ಯಪ್ರದೇಶದ ಕಾನ್ಹಾದಲ್ಲಿ ನೋಂದಾಯಿತ ಗೈಡ್ ಇಲ್ಲದೆ ಸಫಾರಿ ಜೀಪು ಗೇಟು ದಾಟಲ್ಲ, ಸುತ್ತಲ ಹಳ್ಳಿಯವರು ಆ ಕೆಲಸ ಮಾಡ್ತಾರೆ. ಅಲ್ಲೂ ಬೈಗಾ, ಗೊಂಡರನ್ನ ಕಾಡಿನಿಂದ ಹೊರಗೆ ಹಾಕಿದ್ದಾರೆ, ಹಾಗಾಗಿ ಸ್ವರ್ಗ ಅಂತ ಹೇಳಲ್ಲ. ಆದ್ರೂ ಗೈಡಿನ ಕೈಯಲ್ಲಿ ಒಂದು ಕಾಗದ ಇದೆ, ಒಂದು ಹೆಸರಿದೆ.

ನಮ್ಮ ಬಳಗದ ಕೆಲವರು ಈಗಾಗಲೇ ನನಗೆ ಹೇಳಿದ್ದಾರೆ: ಪ್ರವಾಸೋದ್ಯಮವೇ ಬೇಡ ಅನ್ನಬೇಕಾದವರು ನಾವು, ಅದರಲ್ಲಿ ಪಾಲು ಕೇಳೋದು ಯಾಕೆ? ಹಾಡಿಗಳ ಗ್ರಾಮಸಭೆ ಕೂತು ಸಫಾರಿ ಬೇಡ ಅಂದ್ರೆ ನಾನೂ ಬೇಡ ಅಂತೀನಿ. ಆದ್ರೆ ತೀರ್ಮಾನ ಅವರದ್ದಾಗಲಿ. ಆರ್.ಟಿ. ನಗರದಲ್ಲಿ ಕಾಫಿ ಕುಡೀತಾ ನಾವು ತೀರ್ಮಾನ ಮಾಡಿದ್ರೆ ಪಟೇಲನ ಆಳಿಗೂ ನಮಗೂ ಏನು ವ್ಯತ್ಯಾಸ? 2006ರ ಅರಣ್ಯ ಹಕ್ಕು ಕಾಯಿದೆ ಆ ಅಧಿಕಾರವನ್ನ ಗ್ರಾಮಸಭೆಗೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ತು, ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಿಕ್ತು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದ್ವು. ಅವರು ಕೇಳಿದ್ದು ಹೊಸದಾಗಿ ಏನಲ್ಲ, ತಮ್ಮ ಜಾಗ.

ಬಾಬಾಸಾಹೇಬರು 1928ರಲ್ಲಿ ಬಾಂಬೆ ಕೌನ್ಸಿಲಿನಲ್ಲಿ ಮಹಾರ್ ವತನದ ವಿಷಯಕ್ಕೆ ಮಸೂದೆ ತಂದಿದ್ದು ಯಾಕೆ? ಹೊತ್ತು ಗೊತ್ತಿಲ್ಲದ ಚಾಕರಿ, ಪುಡಿಗಾಸು, ಊರಿನ ಹಂಗು. ವರ್ಷಾನುಗಟ್ಟಲೆ ದಿನಗೂಲಿಯಲ್ಲೇ ಇರೋ ವಾಚರ್ ಕೆಲಸ ನೋಡಿದಾಗ ನನಗೆ ವತನವೇ ನೆನಪಾಗುತ್ತೆ. ಹುಲಿ ಅಲ್ಲಿದೆ ಅಂತ ಹೇಳೋ ಜ್ಞಾನಕ್ಕೆ ದಿನಗೂಲಿ, ಆ ಮಾತನ್ನ ಇಂಗ್ಲಿಷಿನಲ್ಲಿ ಮತ್ತೆ ಹೇಳೋದಕ್ಕೆ ತಿಂಗಳ ಸಂಬಳ.

ಹಾಗಾಗಿ ಸಫಾರಿ ನಿಯಮಗಳ ಚರ್ಚೆ ಬಂದಾಗಲೆಲ್ಲ ನಾವು ಹೇಳಬೇಕಾದ್ದು: ಗೈಡ್ ಲೈಸೆನ್ಸು ಅಂತ ಒಂದು ಇರಲಿ, ಅದರ ಪಟ್ಟಿ ಗ್ರಾಮಸಭೆಯಿಂದ ಬರಲಿ. ಪರೀಕ್ಷೆ ಇಟ್ರೆ ಕನ್ನಡದಲ್ಲಿ, ಕಾಡಿನೊಳಗೆ ಇಡಲಿ, ಪುಸ್ತಕದಲ್ಲಿ ಅಲ್ಲ. ವಿಮೆ, ಪಿಎಫ್ ಇರಲಿ. ಆನೆ ತುಳಿದು ವಾಚರ್ ಸತ್ರೆ ಮನೆಯವರು ಆಫೀಸಿನಿಂದ ಆಫೀಸಿಗೆ ಅಲೆಯೋ ಪಾಡು ತಪ್ಪಲಿ. ಕಾಡಂಚಿನ ಊರುಗಳ ದಲಿತರನ್ನೂ ಮರೆಯಬೇಡಿ. ಹುಲಿ ಬಾಯಿಗೆ ಹತ್ತಿರ ದನ ಮೇಯಿಸೋರು ಅವರೂ ಹೌದು.

ನಮ್ಮ ರಾಜ್ಯದ ಐದು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ನ್ಯಾಚುರಲಿಸ್ಟ್, ಗೈಡ್, ಡ್ರೈವರ್, ವಾಚರ್ ಎಷ್ಟು ಜನ, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಯಾವ ಕೆಲಸದಲ್ಲಿ ಎಷ್ಟು, ಕಾಯಂ ಎಷ್ಟು, ದಿನಗೂಲಿ ಎಷ್ಟು ಅಂತ ಕೇಳಿ ಆರ್‌ಟಿಐ ಅರ್ಜಿ ಬರೆದಿಟ್ಟಿದ್ದೀನಿ, ಸೋಮವಾರ ಹಾಕ್ತೀನಿ. ಹುಣಸೂರು, ಕೋಟೆ, ಗುಂಡ್ಲುಪೇಟೆ, ದಾಂಡೇಲಿ ಕಡೆಯ ಗೆಳೆಯರು ಇದ್ರೆ ಇನ್‌ಬಾಕ್ಸಿಗೆ ಬನ್ನಿ, ಅರ್ಜಿ ನಕಲು ಕಳಿಸ್ತೀನಿ, ನೀವೂ ನಿಮ್ಮ ಕಡೆಯಿಂದ ಹಾಕಿ.